ಕರುವಿನ ಮೇಲೆ ಬಂದ ಗುಮಾನಿ: ಕಿಡ್ನಿ ಕಸಿಯಾದ ರೈತನ ಭೇದಿ ಮತ್ತು ಮೈಕ್ರೋಸ್ಪೊರಿಡಿಯಾ

ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕು, ಘಟಪ್ರಭಾ ಕಾಲುವೆ ನೀರಿನ ಕಬ್ಬಿನ ಸೀಮೆ. ರೋಗಿ 46 ವರ್ಷದ ರೈತ, ಕಿಡ್ನಿ ಕಸಿಯಾಗಿ ಎರಡು ವರ್ಷವಾಗಿದೆ. ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ಅದುಮಲು ನಿತ್ಯ ತೆಗೆದುಕೊಳ್ಳುವುದು ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್ ಮತ್ತು ಸಣ್ಣ ಪ್ರಮಾಣದ ಪ್ರೆಡ್ನಿಸೊಲೋನ್. ಮನೆಯಲ್ಲಿ ಹೆಂಡತಿ, ಮಗ, ಸೊಸೆ, ಆರು ವರ್ಷದ ಮೊಮ್ಮಗ. ಕೊಟ್ಟಿಗೆಯಲ್ಲಿ ಒಂದು ಮಿಶ್ರತಳಿ ಆಕಳು, ಅದರ ಕರು, ಒಂದು ಎಮ್ಮೆ, ನಾಲ್ಕು ಆಡು. ಅಂಗಳದಲ್ಲಿ ಒಂದು ನಾಯಿ. ಇದು ಯಾರೋ ಒಬ್ಬರ ಆಸ್ಪತ್ರೆ ಕಡತವಲ್ಲ. ಇಂಥ ರೋಗಿಗಳಲ್ಲಿ ಕಾಯಿಲೆ ಸಾಗುವ ಕ್ರಮವನ್ನು ಹಿಡಿದು ವೈದ್ಯರು, ಪಶುವೈದ್ಯರು ಮತ್ತು ಲ್ಯಾಬ್ ತಂತ್ರಜ್ಞರ ಓದಿಗಾಗಿ ಕಟ್ಟಿದ ಮಾದರಿ ಪ್ರಕರಣ.

ಕರು ಹುಟ್ಟಿದ ಎರಡನೇ ವಾರಕ್ಕೆ ಅದಕ್ಕೆ ಭೇದಿ ಹತ್ತಿತು. ಅದರ ಹಿಂಭಾಗ ತೊಳೆದದ್ದು, ಬಾಟಲಿಯಲ್ಲಿ ಓಆರ್‌ಎಸ್ ಕುಡಿಸಿದ್ದು ಎಲ್ಲ ಈ ರೈತನೇ. ಕರು ಚೇತರಿಸಿಕೊಂಡಿತು. ಮೂರು ವಾರದ ಮೇಲೆ ಅವರಿಗೇ ನೀರಿನಂಥ ಭೇದಿ ಶುರುವಾಯಿತು: ದಿನಕ್ಕೆ ಆರೆಂಟು ಸಲ, ರಕ್ತವಿಲ್ಲ, ಜ್ವರವಿಲ್ಲ, ಉಂಡ ಮೇಲೆ ಹೆಚ್ಚು. ಮೂರು ತಿಂಗಳಲ್ಲಿ ತೂಕ 62 ಕಿಲೋದಿಂದ 54ಕ್ಕೆ ಇಳಿಯಿತು. ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ: ಕರುವಿನಿಂದ ಹತ್ತಿದೆ.

ಮೊದಲ ಮೂರು ತಿಂಗಳು

ಮೊದಲು ಮೆಟ್ರೊನಿಡಜೋಲ್, ಆಮೇಲೆ ಆಫ್ಲಾಕ್ಸಸಿನ್–ಆರ್ನಿಡಜೋಲ್ ಜೋಡಿ ಮಾತ್ರೆ. ಎರಡೂ ಉಪಯೋಗಕ್ಕೆ ಬರಲಿಲ್ಲ. ಕಸಿಯಾದವರ ಭೇದಿಯಲ್ಲಿ ಮೊದಲ ಅನುಮಾನ ಮೈಕೋಫಿನೊಲೇಟ್ ಮೇಲೆ ಬೀಳುವುದು ಸಹಜ, ಆ ಔಷಧಕ್ಕೆ ಭೇದಿ ಮಾಡಿಸುವ ಗುಣವಿದೆ. ಡೋಸ್ ಇಳಿಸಿದಾಗ ಒಂದಿಷ್ಟು ಸುಧಾರಣೆಯೂ ಕಂಡಿತು. ಇಲ್ಲಿಯೇ ಅನೇಕರು ಮೋಸ ಹೋಗುವುದು. ಔಷಧ ಇಳಿಸಿದರೆ ರೋಗನಿರೋಧಕ ಶಕ್ತಿ ತುಸು ಏಳುತ್ತದೆ, ಪರಾವಲಂಬಿ ತುಸು ತಗ್ಗುತ್ತದೆ, ಭೇದಿ ಕಡಿಮೆಯಾಗುತ್ತದೆ. ಕಾರಣ ಔಷಧವೇ ಎಂದು ಬರೆದು ಕಡತ ಮುಚ್ಚಿದರೆ ನಾಲ್ಕು ವಾರದಲ್ಲಿ ರೋಗಿ ಮತ್ತೆ ಬಾಗಿಲಲ್ಲಿ ನಿಂತಿರುತ್ತಾರೆ. ಇಲ್ಲಿಯೂ ಹಾಗೇ ಆಯಿತು.

ಎರಡನೇ ಭೇಟಿಯ ರಕ್ತ ಪರೀಕ್ಷೆ ಗಾಬರಿ ಹುಟ್ಟಿಸುವಂತಿತ್ತು. ಕಿಡ್ನಿ ಸೋಲುತ್ತಿದ್ದರೆ ಏರುವ ಕ್ರಿಯಾಟಿನಿನ್ 1.3ರಿಂದ 2.1ಕ್ಕೆ ಏರಿತ್ತು. ಬೆಳಗಿನ ಮಾತ್ರೆಗೆ ಮುಂಚೆ ತೆಗೆದ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಮಿಲಿಲೀಟರಿಗೆ 14 ನ್ಯಾನೊಗ್ರಾಂ. ಇವರಿಗೆ ಇಟ್ಟುಕೊಂಡಿದ್ದ ಗುರಿ 5ರಿಂದ 8. ಭೇದಿಯಲ್ಲಿ ಮಾತ್ರೆ ಮೈಗೆ ಹತ್ತದೆ ಹೋಗಬೇಕು, ಮಟ್ಟ ಇಳಿಯಬೇಕು ಎಂದು ತೋರುತ್ತದೆ. ಟ್ಯಾಕ್ರೊಲಿಮಸ್ ವಿಷಯದಲ್ಲಿ ಇದು ತಿರುಗುಮುರುಗು. ಆ ಮಾತ್ರೆಯ ಒಂದು ಪಾಲನ್ನು ಕರುಳಿನ ಒಳಪದರದ ಕಿಣ್ವಗಳೇ ಒಡೆದುಹಾಕುತ್ತವೆ, ಇನ್ನೊಂದು ಪಾಲನ್ನು ಅಲ್ಲಿನ ಪಂಪ್ ಪ್ರೋಟೀನು ಕರುಳಿನೊಳಕ್ಕೇ ಹಿಂದೆ ತಳ್ಳುತ್ತದೆ. ಒಳಪದರ ಹಾಳಾದರೆ ಈ ಎರಡು ಕಾವಲೂ ಸಡಿಲವಾಗಿ ರಕ್ತಕ್ಕೆ ಹೋಗುವ ಪ್ರಮಾಣ ಏರುತ್ತದೆ. ಅದರ ಜೊತೆ ನೀರಿನಂಶ ಕಡಿಮೆಯಾದರೆ ಕಸಿ ಕಿಡ್ನಿಗೆ ಎರಡು ಕಡೆಯಿಂದ ಪೆಟ್ಟು. ಕಸಿಯಾದವರಿಗೆ ಭೇದಿ ಎಂದರೆ ಕೂಡಲೇ ಟ್ಯಾಕ್ರೊಲಿಮಸ್ ಮಟ್ಟ ನೋಡಬೇಕು ಎನ್ನುವುದು ಇದಕ್ಕೇ. ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆಯನ್ನಷ್ಟೇ ಕೊಟ್ಟು ಮನೆಗೆ ಕಳಿಸಿದರೆ ಭೇದಿ ನಿಂತಂತೆ ಕಾಣುತ್ತದೆ, ಮಟ್ಟ ಏರುತ್ತಲೇ ಇರುತ್ತದೆ.

ಕಸಿಯಾದವರಲ್ಲಿ ಭೇದಿ ತರಬಲ್ಲ ಸೈಟೊಮೆಗಲೊ ವೈರಸ್‌ನ ಪರೀಕ್ಷೆ ನೆಗೆಟಿವ್. ಕೊಲೊನೋಸ್ಕೋಪಿ ಸಹಜ. ಆ ಸಹಜ ವರದಿಯಿಂದ ಸಮಾಧಾನಪಡುವಂತಿಲ್ಲ. ಕೊನೆಗೆ ಇವರಲ್ಲಿ ಸಿಕ್ಕ ಸೂಕ್ಷ್ಮ ಪರಾವಲಂಬಿ ಮೈಕ್ರೋಸ್ಪೊರಿಡಿಯಾ. ಮನುಷ್ಯರಲ್ಲಿ ಹೆಚ್ಚಾಗಿ ಕಾಣುವ ಬಗೆ ಇರುವುದು ಸಣ್ಣ ಕರುಳಿನ ಒಳಪದರದ ಕೋಶಗಳಲ್ಲಿ. ದೊಡ್ಡ ಕರುಳನ್ನು ಎಷ್ಟು ಹುಡುಕಿದರೂ ಅದು ಸಿಗಲಿಕ್ಕಿಲ್ಲ.

ಸ್ಲೈಡಿನಲ್ಲಿ ಏನಿತ್ತು

ಮೈಕ್ರೋಸ್ಪೊರಿಡಿಯಾ ಎಂದರೆ ಬ್ಯಾಕ್ಟೀರಿಯಾ ಅಲ್ಲ, ಹಳೆಯ ಪುಸ್ತಕಗಳಲ್ಲಿರುವಂತೆ ಪ್ರೊಟೊಜೋವಾ ಕೂಡ ಅಲ್ಲ. ಈಗ ಇವನ್ನು ಶಿಲೀಂಧ್ರಗಳ ಹತ್ತಿರದ ಬಳಗಕ್ಕೆ ಸೇರಿಸಿದ್ದಾರೆ. ಜೀವಕೋಶದ ಒಳಗೆ ಮಾತ್ರ ಬೆಳೆಯುತ್ತವೆ, ಹೊರಗೆ ಸ್ಪೋರ್, ಅಂದರೆ ಬೀಜಕಣದ ರೂಪದಲ್ಲಿ ಉಳಿಯುತ್ತವೆ. ರೇಷ್ಮೆ ಹುಳದ ಪೆಬ್ರಿನ್ ರೋಗ ತರುವ ನೊಸೆಮಾ ಬಾಂಬಿಸಿಸ್‌ಗೆ 1857ರಲ್ಲೇ ಹೆಸರಿಟ್ಟಾಗಿತ್ತು. ಮನುಷ್ಯರ ಕರುಳಿನ ಎಂಟರೊಸೈಟೊಜೂನ್ ಬೈನ್ಯೂಸೈ ದಾಖಲಾದದ್ದು 1985ರಲ್ಲಿ, ಏಡ್ಸ್ ರೋಗಿಯೊಬ್ಬರಲ್ಲಿ. ಸ್ಪೋರಿನೊಳಗೆ ಸುರುಳಿ ಸುತ್ತಿಕೊಂಡ ಒಂದು ನಳಿಗೆ ಇರುತ್ತದೆ. ಕರುಳಿಗೆ ಬಂದಾಗ ಅದು ಸಿಡಿದು ಹೊರಬಂದು, ಇಂಜೆಕ್ಷನ್ ಸೂಜಿಯ ಹಾಗೆ ಕೋಶಕ್ಕೆ ಚುಚ್ಚಿ, ಒಳಗಿನ ಸರಕನ್ನು ಅಲ್ಲಿಗೆ ದಾಟಿಸುತ್ತದೆ.

ಕಷ್ಟವಿರುವುದು ಗಾತ್ರದಲ್ಲಿ. ಬೈನ್ಯೂಸೈ ಸ್ಪೋರಿನ ಉದ್ದ ಸುಮಾರು 1ರಿಂದ 1.6 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಮಲದಲ್ಲಿರುವ ಬ್ಯಾಕ್ಟೀರಿಯಾಗಳೂ ಅಷ್ಟೇ ಇರುತ್ತವೆ. ಸಲೈನ್, ಅಯೋಡಿನ್ ಹಾಕಿ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಆಸಿಡ್ ಫಾಸ್ಟ್ ಎಂಬ ಬಣ್ಣದಲ್ಲಿ ಭೇದಿ ತರುವ ಬೇರೆ ಪರಾವಲಂಬಿಗಳಾದ 4–6 ಮೈಕ್ರಾನಿನ ಕ್ರಿಪ್ಟೊಸ್ಪೊರಿಡಿಯಮ್, 8–10 ಮೈಕ್ರಾನಿನ ಸೈಕ್ಲೊಸ್ಪೊರಾ ಮತ್ತು ಅವಕ್ಕಿಂತ ದೊಡ್ಡ ಸಿಸ್ಟೊಐಸೊಸ್ಪೊರಾ ಸಿಗುತ್ತವೆ. ಮೈಕ್ರೋಸ್ಪೊರಿಡಿಯಾ ಹುಡುಕಲು ಆ ಬಣ್ಣ ನೆಚ್ಚುವಂಥದ್ದಲ್ಲ. ಇವರ ಮೂರು ಮಾದರಿಗಳೂ ಆಸಿಡ್ ಫಾಸ್ಟ್‌ನಲ್ಲಿ ನೆಗೆಟಿವ್ ಬಂದಿದ್ದವು. ಬರೀ ‘ಮಲ ಪರೀಕ್ಷೆ’ ಎಂದು ಚೀಟಿ ಬರೆದರೆ ಲ್ಯಾಬಿನಿಂದ ಬರುವ ಉತ್ತರ ‘ಅಂಡ, ಸಿಸ್ಟ್ ಕಂಡಿಲ್ಲ’ ಎಂದಷ್ಟೇ. ಚೀಟಿಯಲ್ಲಿ ‘ಮೈಕ್ರೋಸ್ಪೊರಿಡಿಯಾಕ್ಕೆ ಮಾರ್ಪಡಿಸಿದ ಟ್ರೈಕ್ರೋಮ್ ಬಣ್ಣ’ ಎಂದು ಬಿಡಿಸಿ ಬರೆಯಬೇಕು, ಕಸಿಯಾದ ರೋಗಿ ಎಂಬುದನ್ನೂ ಸೇರಿಸಬೇಕು.

ಮಾಡುವ ಕ್ರಮ ಹೀಗೆ. ಒಂದು ಪಾಲು ಮಲಕ್ಕೆ ಮೂರು ಪಾಲು 10% ಫಾರ್ಮಲಿನ್ ಬೆರೆಸಿ, ಅದರಲ್ಲಿ ಬರೀ 10 ಮೈಕ್ರೋಲೀಟರ್ ತೆಗೆದು ಸ್ಲೈಡಿನ ಮೇಲೆ ಆದಷ್ಟು ತೆಳ್ಳಗೆ ಬಳಿಯಬೇಕು. ಗಾಳಿಗೆ ಒಣಗಿಸಿ ಮೆಥನಾಲಿನಲ್ಲಿ 5 ನಿಮಿಷ. ಬಣ್ಣದ ದ್ರಾವಣಕ್ಕೆ ಕ್ರೋಮೋಟ್ರೋಪ್ 2ಆರ್ 6 ಗ್ರಾಂ, ಫಾಸ್ಟ್ ಗ್ರೀನ್ 0.15 ಗ್ರಾಂ, ಫಾಸ್ಫೊಟಂಗ್‌ಸ್ಟಿಕ್ ಆಮ್ಲ 0.7 ಗ್ರಾಂ, ಗ್ಲೇಶಿಯಲ್ ಅಸಿಟಿಕ್ ಆಮ್ಲ 3 ಮಿಲಿಲೀಟರ್. ಅರ್ಧ ಗಂಟೆ ಬಿಟ್ಟು 100 ಮಿಲಿಲೀಟರ್ ಡಿಸ್ಟಿಲ್ಡ್ ನೀರು. ಸಾಮಾನ್ಯ ಟ್ರೈಕ್ರೋಮ್‌ಗಿಂತ ಇದರಲ್ಲಿ ಕ್ರೋಮೋಟ್ರೋಪ್ ಹತ್ತು ಪಟ್ಟು ಹೆಚ್ಚು, ಏಕೆಂದರೆ ಸ್ಪೋರಿನ ಚಿಟಿನ್ ಗೋಡೆ ದಾಟಿ ಬಣ್ಣ ಒಳಗೆ ಹೋಗುವುದು ಸುಲಭವಲ್ಲ. ಬಣ್ಣದಲ್ಲಿ 90 ನಿಮಿಷ ಇಡಬೇಕು. ಆಸಿಡ್ ಆಲ್ಕೋಹಾಲಿನಲ್ಲಿ ಅದ್ದುವುದು 10 ಸೆಕೆಂಡ್ ಮೀರಬಾರದು. ಆಮೇಲೆ ಆಲ್ಕೋಹಾಲ್, ಕೊನೆಗೆ ಜೈಲೀನ್.

ಎಣ್ಣೆ ಹಾಕಿ 100 ಮಸೂರದಲ್ಲಿ ಕನಿಷ್ಠ ಹತ್ತು ನಿಮಿಷ ನೋಡಬೇಕು. ಹಸಿರು ಹಿನ್ನೆಲೆಯಲ್ಲಿ ಗುಲಾಬಿ ಕೆಂಪಿನ ಸಣ್ಣ ಅಂಡಾಕಾರ, ನಡುವೆ ಅಡ್ಡಲಾಗಿ ಒಂದು ಪಟ್ಟಿ, ಕೆಲವದರ ಒಂದು ತುದಿಯಲ್ಲಿ ಬಣ್ಣ ಹಿಡಿಯದ ಖಾಲಿ ಜಾಗ. ಆ ಪಟ್ಟಿ ಕಂಡರೆ ಮಾತ್ರ ಪಾಸಿಟಿವ್ ಎನ್ನಬಹುದು. ಯೀಸ್ಟ್ ಕೂಡ ಕೆಂಪಾಗುತ್ತದೆ, ಆದರೆ ಅದು ದೊಡ್ಡದು, ಪಟ್ಟಿ ಇರುವುದಿಲ್ಲ, ಮೊಗ್ಗು ಒಡೆದಿರುತ್ತದೆ. ಹೆಚ್ಚಿನ ಸೋಲು ಎರಡು ಕಡೆ: ಬಳಿದದ್ದು ದಪ್ಪವಾಗುವುದು, ಆಸಿಡ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟು ಸ್ಪೋರಿನ ಬಣ್ಣವೂ ತೊಳೆದುಹೋಗುವುದು. ಗೊತ್ತಿರುವ ಪಾಸಿಟಿವ್ ಸ್ಲೈಡ್ ಒಂದನ್ನು ಪ್ರತಿ ಸಲವೂ ಜೊತೆಗೇ ಹಾಕದೆ ಕೊಟ್ಟ ನೆಗೆಟಿವ್ ವರದಿಗೆ ಬೆಲೆ ಕಡಿಮೆ. ಸ್ಪೋರನ್ನು ಹೊಳೆಯುವಂತೆ ಮಾಡುವ ಕ್ಯಾಲ್ಕೊಫ್ಲೋರ್ ವೈಟ್ ಬಣ್ಣ ಇದ್ದರೆ ಬೇಗ ಜಾಲಾಡಬಹುದು, ಆದರೆ ಅದು ಯೀಸ್ಟನ್ನೂ ಅಷ್ಟೇ ಚೆನ್ನಾಗಿ ಹೊಳೆಸುತ್ತದೆ. ಸ್ಪೋರ್ ದಿನವೂ ಒಂದೇ ಪ್ರಮಾಣದಲ್ಲಿ ಬೀಳುವುದಿಲ್ಲವಾದ್ದರಿಂದ ಬೇರೆ ಬೇರೆ ದಿನದ ಮೂರು ಮಾದರಿ ಬೇಕು. ಇವರದು ಎರಡನೆಯದರಲ್ಲಿ ಸಿಕ್ಕಿತು.

ಅಲ್ಬೆಂಡಜೋಲ್ ಕೆಲಸ ಮಾಡದ್ದು

ವರದಿಯಲ್ಲಿ ‘ಮೈಕ್ರೋಸ್ಪೊರಿಡಿಯಾ ಸ್ಪೋರ್ ಇದೆ’ ಎಂದಷ್ಟೇ ಇತ್ತು. ಅಲ್ಬೆಂಡಜೋಲ್ 400 ಮಿಲಿಗ್ರಾಂ ದಿನಕ್ಕೆರಡು ಸಲ, ಮೂರು ವಾರ ಕೊಟ್ಟಾಯಿತು. ಭೇದಿ ಅಷ್ಟೇ ಉಳಿಯಿತು, ಬಿಳಿ ರಕ್ತಕಣ ಇಳಿಯಿತು. ಮೈಕೋಫಿನೊಲೇಟ್ ಮತ್ತು ಅಲ್ಬೆಂಡಜೋಲ್ ಎರಡೂ ಅಸ್ಥಿಮಜ್ಜೆಯನ್ನು ಅದುಮುವ ಔಷಧಗಳು. ಜೋಡಿಸಿ ಕೊಡುವಾಗ ವಾರಕ್ಕೊಮ್ಮೆ ರಕ್ತಕಣ ಎಣಿಸಲೇಬೇಕು.

ಕರುಳಿಗೆ ಬರುವ ಮುಖ್ಯ ಮೈಕ್ರೋಸ್ಪೊರಿಡಿಯಾ ಎರಡು ಜಾತಿಯವು. ಎನ್ಸೆಫಲಿಟೊಜೂನ್ ಇಂಟೆಸ್ಟಿನಾಲಿಸ್ ಆಗಿದ್ದರೆ ಇದೇ ಡೋಸಿಗೆ ಚೆನ್ನಾಗಿ ಬಗ್ಗುತ್ತಿತ್ತು. ಬೈನ್ಯೂಸೈ ಬಗ್ಗುವುದಿಲ್ಲ. ಅಲ್ಬೆಂಡಜೋಲ್ ಅಂಟಿಕೊಳ್ಳಬೇಕಾದ ಬೀಟಾ ಟ್ಯುಬ್ಯುಲಿನ್ ಪ್ರೋಟೀನಿನಲ್ಲಿ, ಬೇರೆ ಜೀವಿಗಳಲ್ಲಿ ಈ ಔಷಧಕ್ಕೆ ಪ್ರತಿರೋಧ ತರುವಂಥ ಬದಲಾವಣೆಗಳೇ ಬೈನ್ಯೂಸೈಯಲ್ಲೂ ಇವೆ. ಎರಡರ ಸ್ಪೋರ್‌ಗಳಿಗೂ ಗಾತ್ರದಲ್ಲಿ ಅರ್ಧ ಮೈಕ್ರಾನಿನ ಆಚೀಚೆ ವ್ಯತ್ಯಾಸ. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಅದನ್ನು ನಂಬಿ ಜಾತಿ ಹೇಳುವುದು ಸಲ್ಲ. ಡಿಎನ್‌ಎ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ಪಿಸಿಆರ್ ಪರೀಕ್ಷೆ ಬೇಕೇ ಬೇಕು.

ಪಿಸಿಆರ್‌ಗೆ ಕಳಿಸುವಾಗ ಅಭ್ಯಾಸಬಲದಿಂದ ಅದೇ ಫಾರ್ಮಲಿನ್ ಡಬ್ಬಿ ಕಳಿಸುವವರಿದ್ದಾರೆ. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ. ತಾಜಾ ಮಲವನ್ನು 70%ಕ್ಕೆ ಕಡಿಮೆಯಿಲ್ಲದ ಎಥನಾಲಿನಲ್ಲೋ 2.5% ಪೊಟ್ಯಾಸಿಯಮ್ ಡೈಕ್ರೋಮೇಟ್‌ನಲ್ಲೋ ಹಾಕಿ, ಐಸ್ ಡಬ್ಬಿಯಲ್ಲಿ 4 ಡಿಗ್ರಿ ಹತ್ತಿರ ಇಟ್ಟು ಕಳಿಸಬೇಕು. ಡೈಕ್ರೋಮೇಟ್ ಆಗಿದ್ದರೆ ಡಿಎನ್‌ಎ ತೆಗೆಯುವ ಮುಂಚೆ ಡಿಸ್ಟಿಲ್ಡ್ ನೀರಿನಲ್ಲಿ ಮೂರ್ನಾಲ್ಕು ಸಲ ತೊಳೆಯಬೇಕು, ಹಳದಿ ಬಣ್ಣ ಉಳಿದರೆ ಪಿಸಿಆರ್ ಏಳುವುದಿಲ್ಲ.

ಕೊಟ್ಟಿಗೆಯ ಮಾದರಿಗಳು

ಪಶುವೈದ್ಯರು ಮನೆಗೆ ಹೋದಾಗ ಮನೆಯೊಡತಿಯ ಮೊದಲ ಪ್ರಶ್ನೆ: “ಡಾಕ್ಟರ್ರ, ಆಕಳಾ ಕರಾ ಎರಡೂ ಮಾರಿಬಿಡೋಣೇನ್ರಿ? ನಾಳೆ ಸಂತಿ ಐತಿ.” ಉತ್ತರ: “ಈಗ ಬ್ಯಾಡ್ರಿ ಯಕ್ಕಾ. ಮೊದಲ ವರದಿ ಬರ್ಲಿ. ಅಲ್ಲೀತನಕ ಯಜಮಾನ್ರನ್ನ ಹೆಂಡಿಕಸಕ್ಕ ಕಳಸಬ್ಯಾಡ್ರಿ, ಅಷ್ಟ.”

ನೆಲದ ಮೇಲೆ ಬಿದ್ದ ಸೆಗಣಿ ಯಾವ ದನದ್ದೆಂದು ಹೇಳಲಾಗದು. ಪ್ರತಿ ದನಕ್ಕೂ ಹೊಸ ಕೈಗವಸು ಹಾಕಿ ಗುದದ್ವಾರದಿಂದಲೇ 10–20 ಗ್ರಾಂ ತೆಗೆದು ಡಬ್ಬಿಗೆ ಗುರುತು ಹಚ್ಚಿದರು. ಆಡುಗಳದ್ದು ಹಿಕ್ಕೆ, ನಾಯಿಯದ್ದು ಬೆಳಿಗ್ಗೆ ಹಾಕಿದ ಕೂಡಲೇ ಮೇಲ್ಭಾಗದ್ದಷ್ಟೇ. ಮನೆಯ ಎಲ್ಲರದ್ದೂ ತೆಗೆದರು, ಮೊಮ್ಮಗನದ್ದನ್ನೂ. ಅವನಿಗೆ ಯಾವ ತೊಂದರೆಯೂ ಇರಲಿಲ್ಲವಾದ್ದರಿಂದ ‘ಹುಡುಗನದ್ದು ಯಾಕ್ರಿ’ ಎಂಬ ಆಕ್ಷೇಪ ಬಂತು.

ದನದ ಸೆಗಣಿಯಲ್ಲಿ ಟ್ರೈಕ್ರೋಮ್ ಬಣ್ಣದ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಮೇವಿನ ನಾರು, ಬ್ಯಾಕ್ಟೀರಿಯಾ, ಯೀಸ್ಟ್‌ಗಳ ನಡುವೆ ಸ್ಪೋರ್ ಹುಡುಕುವುದು ವ್ಯರ್ಥ ಶ್ರಮ, ತಪ್ಪು ಪಾಸಿಟಿವ್ ಹೆಚ್ಚು. ನೇರ ಪಿಸಿಆರ್ ಮಾಡಿದರೂ ಸೆಗಣಿಯಲ್ಲಿನ ಪಿತ್ತಲವಣ ಮತ್ತು ಸಸ್ಯಪದಾರ್ಥ ಕಿಣ್ವವನ್ನು ತಡೆಯುತ್ತವೆ. ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಇನ್ನೊಮ್ಮೆ ಓಡಿಸಿ ನೋಡದೆ ನೆಗೆಟಿವ್ ಎನ್ನಬಾರದು. ಎರಡು ಸುತ್ತಿನ ನೆಸ್ಟೆಡ್ ಪಿಸಿಆರ್‌ನಲ್ಲಿ ಸುಮಾರು 390 ಬೇಸ್ ಜೋಡಿಯ ತುಂಡು ಬರುತ್ತದೆ, ಅದರೊಳಗಿನ, ತಳಿಯಿಂದ ತಳಿಗೆ ಬದಲಾಗುವ 243 ಬೇಸ್‌ನ ಐಟಿಎಸ್ ಭಾಗವನ್ನು ಓದಿ ಜೀನೋಟೈಪ್ (ಒಂದೇ ಜಾತಿಯೊಳಗಿನ ತಳಿ) ಹೇಳುತ್ತಾರೆ. ಎರಡು ಸುತ್ತು ಎಂದರೆ ಕಲಬೆರಕೆಯ ಅಪಾಯವೂ ದುಪ್ಪಟ್ಟು. ರೋಗಿಯ ಮಾದರಿಯನ್ನೂ ಕೊಟ್ಟಿಗೆಯ ಮಾದರಿಯನ್ನೂ ಒಂದೇ ದಿನ ಒಂದೇ ಮೇಜಿನ ಮೇಲೆ ತೆರೆದರೆ ಇಬ್ಬರಲ್ಲೂ ಒಂದೇ ತಳಿ ‘ಸಿಕ್ಕೀತು’! ಇಲ್ಲಿ ಬೇರೆ ಬೇರೆ ದಿನ ಮಾಡಲಾಯಿತು, ಪ್ರತಿ ಸುತ್ತಿಗೂ ಬರೀ ನೀರಿನ ಕಂಟ್ರೋಲ್ ಸೇರಿಸಿ.

ಫಲಿತಾಂಶ: ರೋಗಿಯಲ್ಲಿ ಬೈನ್ಯೂಸೈ, ಜೀನೋಟೈಪ್ ಡಿ. ಕರುವಿನಲ್ಲಿಯೂ ಬೈನ್ಯೂಸೈ, ಆದರೆ ಜೀನೋಟೈಪ್ ಜೆ. ಎರಡು ಆಡುಗಳಲ್ಲಿ ಜೀನೋಟೈಪ್ ಬಿಇಬಿ-6. ಆಕಳು, ಎಮ್ಮೆ, ನಾಯಿ ನೆಗೆಟಿವ್. ಮೊಮ್ಮಗನಲ್ಲಿ ಡಿ. ಮನೆಯ ಉಳಿದವರಲ್ಲಿ ಇಲ್ಲ.

ಬರೀ ಸೂಕ್ಷ್ಮದರ್ಶಕದ ವರದಿ ಹಿಡಿದು ಕೂತಿದ್ದರೆ ರೋಗಿಗೂ ಮೈಕ್ರೋಸ್ಪೊರಿಡಿಯಾ, ಕರುವಿಗೂ ಮೈಕ್ರೋಸ್ಪೊರಿಡಿಯಾ, ಲೆಕ್ಕ ಮುಗಿಯಿತು ಎಂದು ಆಕಳು ಸಂತೆಗೆ ಹೋಗುತ್ತಿತ್ತು. ಬೈನ್ಯೂಸೈಯಲ್ಲಿ ನೂರಾರು ಜೀನೋಟೈಪ್‌ಗಳಿವೆ. ಡಿ, ಇಬಿಪಿಸಿ, ಟೈಪ್ IV ಇರುವ ಮೊದಲ ಗುಂಪು ಮನುಷ್ಯ, ಹಂದಿ, ನಾಯಿ, ಮಂಗ, ಕಾಡುಪ್ರಾಣಿ ಎಂದು ಎಲ್ಲೆಲ್ಲೂ ಕಾಣುತ್ತದೆ. ಐ, ಜೆ, ಬಿಇಬಿ-4, ಬಿಇಬಿ-6 ಇರುವ ಎರಡನೇ ಗುಂಪು ಹೆಚ್ಚಾಗಿ ಮೆಲುಕು ಹಾಕುವ ದನ, ಕುರಿ, ಆಡುಗಳದ್ದು. ಈ ಎರಡನೆಯದನ್ನು ಮೊದಲು ದನಗಳಿಗಷ್ಟೇ ಸೀಮಿತ ಎಂದುಕೊಂಡಿದ್ದರು. ಆಮೇಲೆ ಅಲ್ಲಲ್ಲಿ ಮನುಷ್ಯರಲ್ಲೂ ಸಿಕ್ಕಿದೆ. ಈ ಕರು ಈ ರೋಗಿಯ ಭೇದಿಗೆ ಕಾರಣವಲ್ಲ ಎನ್ನಬಹುದು, ಕರುಗಳಿಂದ ಅಪಾಯವೇ ಇಲ್ಲ ಎನ್ನುವಂತಿಲ್ಲ.

ಮೊಮ್ಮಗನ ವಿಷಯ ಇನ್ನೂ ಸೂಕ್ಷ್ಮ. ಆರೋಗ್ಯವಂತ ಮಕ್ಕಳು ಯಾವ ಲಕ್ಷಣವೂ ಇಲ್ಲದೆ ಸ್ಪೋರ್ ಹೊರಹಾಕುತ್ತಿರಬಹುದು. ಅಜ್ಜನಿಂದ ಹುಡುಗನಿಗೆ ಹೋಯಿತೋ, ಹುಡುಗನಿಂದ ಅಜ್ಜನಿಗೆ ಬಂತೋ, ಇಬ್ಬರೂ ಒಂದೇ ನೀರಿನಿಂದಲೋ ಸೊಪ್ಪಿನಿಂದಲೋ ತಂದುಕೊಂಡರೋ, ಐಟಿಎಸ್ ಒಂದರಿಂದಲೇ ತೀರ್ಮಾನವಾಗುವುದಿಲ್ಲ. ಡಿ ಅಷ್ಟು ವ್ಯಾಪಕ. ಬಹುಜೀನು ಹೋಲಿಕೆ ಮಾಡಿದರೆ ಸಂಬಂಧ ಬಿಗಿಯಾದೀತು, ದಿಕ್ಕು ಆಗಲೂ ತಿಳಿಯದು. ಮನೆಯವರಿಗೆ ಇದನ್ನು ಹೇಳುವಾಗ ಗುಮಾನಿಯನ್ನು ಕರುವಿನಿಂದ ಹುಡುಗನ ಮೇಲೆ ಎತ್ತಿಹಾಕದಂತೆ ನೋಡಿಕೊಳ್ಳಬೇಕು. ಹುಡುಗನಿಗೆ ಔಷಧ ಕೊಡಲಿಲ್ಲ, ಬೇಕಾಗಿಯೂ ಇರಲಿಲ್ಲ.

ಚಿಕಿತ್ಸೆ

ಬೈನ್ಯೂಸೈಗೆ ಪುರಾವೆ ಇರುವ ಔಷಧ ಫ್ಯುಮಗಿಲಿನ್, ಮೂಲತಃ ಜೇನುಹುಳದ ನೊಸೆಮಾ ರೋಗಕ್ಕೆ ಬಳಸುತ್ತಿದ್ದದ್ದು. 2002ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗದಲ್ಲಿ 20 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಎರಡು ವಾರ ಕೊಟ್ಟ ಆರೂ ಜನರಲ್ಲಿ ಸ್ಪೋರ್ ಮಾಯವಾಯಿತು, ಹುಸಿ ಮಾತ್ರೆ ಪಡೆದ ಆರು ಜನರಲ್ಲಿ ಒಬ್ಬರಲ್ಲೂ ಆಗಲಿಲ್ಲ. ಪ್ಲೇಟ್‌ಲೆಟ್ ಕುಸಿಯುವುದು ಅದರ ದೊಡ್ಡ ಅಡ್ಡಪರಿಣಾಮ. ನಮ್ಮ ಔಷಧದಂಗಡಿಗಳಲ್ಲಿ ಇದು ಸಿಗುವಂಥದ್ದಲ್ಲ. ಹೀಗಾಗಿ ಇದ್ದದ್ದರಲ್ಲಿ ಗಟ್ಟಿ ದಾರಿ ಎಂದರೆ ರೋಗನಿರೋಧಕ ಶಕ್ತಿ ಅದುಮುವ ಔಷಧಗಳನ್ನು ಕಸಿ ತಂಡದ ಕಣ್ಣೆದುರಿಗೇ ತಗ್ಗಿಸುವುದು. ಮೈಕೋಫಿನೊಲೇಟ್ ಅರ್ಧಕ್ಕಿಳಿಸಿ, ಟ್ಯಾಕ್ರೊಲಿಮಸ್ ಗುರಿಯನ್ನು 4–6ಕ್ಕೆ ತಂದು, ಪ್ರೆಡ್ನಿಸೊಲೋನ್ ಹಾಗೇ ಉಳಿಸಿದರು. ವಾರಕ್ಕೆರಡು ಸಲ ಕ್ರಿಯಾಟಿನಿನ್ ಮತ್ತು ಟ್ಯಾಕ್ರೊಲಿಮಸ್ ಮಟ್ಟ: ಭೇದಿ ತಗ್ಗಿ ಒಳಪದರ ಚೇತರಿಸಿದಂತೆ ಅದೇ ಡೋಸಿಗೆ ಮಟ್ಟ ಕುಸಿಯುತ್ತದೆ, ಗಮನಿಸದಿದ್ದರೆ ದೇಹ ಕಸಿ ಅಂಗವನ್ನು ತಿರಸ್ಕರಿಸುವ ಅಪಾಯ. ರೋಗಿ ತಾನಾಗಿ ಮಾತ್ರೆ ಬಿಡುವುದಂತೂ ಕಿಡ್ನಿ ಕಳೆದುಕೊಳ್ಳುವ ದಾರಿ.

ನಿಟಜೊಕ್ಸನೈಡ್ 500 ಮಿಲಿಗ್ರಾಂ ದಿನಕ್ಕೆರಡು ಸಲ 14 ದಿನ ಸೇರಿಸಿದರು. ಅದಕ್ಕಿರುವ ಪುರಾವೆ ಬಿಡಿ ರೋಗಿಗಳ ವರದಿಗಳಷ್ಟೇ. ಆರು ವಾರಕ್ಕೆ ಭೇದಿ ದಿನಕ್ಕೆರಡು ಸಲಕ್ಕೆ ಬಂತು, ಕ್ರಿಯಾಟಿನಿನ್ 1.4. ಪಿಸಿಆರ್ ಒಂದು ತಿಂಗಳಿಗೆ ಇನ್ನೂ ಪಾಸಿಟಿವ್, ಮೂರು ತಿಂಗಳಿಗೆ ನೆಗೆಟಿವ್. ಗುಣವಾದದ್ದಕ್ಕೆ ಹೆಚ್ಚಿನ ಪಾಲು ಔಷಧ ತಗ್ಗಿಸಿದ್ದಕ್ಕೇ ಸಲ್ಲಬೇಕು.

ಮನೆಯಲ್ಲಿ ಬದಲಾದದ್ದು

ಆಕಳು, ಕರು ಮನೆಯಲ್ಲೇ ಉಳಿದವು. ಹೆಂಡಿಕಸ, ಗೋದಲಿ ತೊಳೆಯುವುದು, ಕುಳ್ಳು ತಟ್ಟುವುದು, ಕರುವಿನ ಉಪಚಾರ ಮಗ–ಸೊಸೆಯ ಪಾಲಿಗೆ. ಇದು ಮೈಕ್ರೋಸ್ಪೊರಿಡಿಯಾ ಒಂದಕ್ಕೇ ಅಲ್ಲ. ಹುಟ್ಟಿ ತಿಂಗಳೊಳಗಿನ, ಭೇದಿ ಹತ್ತಿದ ಕರುವಿನಲ್ಲಿ ಕ್ರಿಪ್ಟೊಸ್ಪೊರಿಡಿಯಮ್ ಇರುವ ಸಂಭವ ಹೆಚ್ಚು, ಕಸಿಯಾದವರಿಗೆ ಅದು ಕರುವಿನಿಂದ ನೇರವಾಗಿಯೇ ದಾಟಬಲ್ಲದು. ಮುಂದಿನ ಸಲ ಆಕಳು ಈದಾಗ ಗಿಣ್ಣದ ಹಾಲು ಮನೆಮಂದಿಗಿಂತ ಮೊದಲು ಕರುವಿಗೆ ಹೋಗಬೇಕು: 30 ಕಿಲೋ ಕರುವಿಗೆ ಸುಮಾರು 3 ಲೀಟರ್, ಅದರಲ್ಲಿ ಅರ್ಧದಷ್ಟು ಮೊದಲ ಎರಡು ಗಂಟೆಯಲ್ಲಿ. ಭೇದಿ ಹತ್ತುವ ಕರುಗಳೇ ಕಡಿಮೆಯಾದರೆ ಕೊಟ್ಟಿಗೆಯ ಹೊಲಸೂ ಕಡಿಮೆ. ಮೈಕ್ರೋಸ್ಪೊರಿಡಿಯಾ ಇದೆಯೆಂದು ದನಕ್ಕೆ ಔಷಧ ಹಾಕುವ ಅಗತ್ಯವಿಲ್ಲ.

ನೀರು ಕುದಿಯಲು ಶುರುವಾದ ಮೇಲೂ ಐದು ನಿಮಿಷ ಕುದಿಸಿ, ನಲ್ಲಿ ಇರುವ ಮುಚ್ಚಿದ ಪಾತ್ರೆಯಲ್ಲಿಡುವುದು. ಕೊಡದೊಳಗೆ ಕೈ, ಚರಿಗೆ ಅದ್ದುವುದನ್ನು ಬಿಡಬೇಕು. ಕ್ಲೋರಿನ್ ಮಾತ್ರೆ ಇಂಥ ರೋಗಿಗೆ ಸಾಲದು. ಈ ಸ್ಪೋರ್ ಕ್ಲೋರಿನ್ನನ್ನು ಬ್ಯಾಕ್ಟೀರಿಯಾಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ, ಕ್ರಿಪ್ಟೊಸ್ಪೊರಿಡಿಯಮ್ಮಂತೂ ಕ್ಲೋರಿನ್‌ಗೆ ಜಗ್ಗುವುದೇ ಇಲ್ಲ. ಒಂದು ಮೈಕ್ರಾನಿನ ಫಿಲ್ಟರ್ ಕೂಡ ಬೈನ್ಯೂಸೈಗೆ ಭರವಸೆಯದಲ್ಲ. ಹಾಲು ಕಾಯಿಸಿಯೇ ಕುಡಿಯುವುದು, ಕಸಿಯಾದವರಿಗೆ ಹಸಿ ಹಾಲು ಬೇಡ.

ಬಿಡಲು ಕಷ್ಟವಾದದ್ದು ರೊಟ್ಟಿಯ ಜೊತೆಗಿನ ಹಸಿ ಹಕ್ಕರಕಿ, ಮೆಂತೆ, ಮೂಲಂಗಿ ಸೊಪ್ಪು. ಕಾಲುವೆ ದಂಡೆಯಲ್ಲಿ ದನ ಇಳಿಯುವಲ್ಲೇ ತೊಳೆದು ತಂದ ಸೊಪ್ಪನ್ನು ಹಸಿಯಾಗಿ ತಿನ್ನುವುದು ಈ ಮನೆಯ ನಿಜವಾದ ಅಪಾಯವಾಗಿತ್ತು ಎನ್ನಲು ಕಾರಣವಿದೆ. 2009ರಲ್ಲಿ ಸ್ವೀಡನ್ನಿನ ಹೋಟೆಲೊಂದರಲ್ಲಿ ಉಂಡ ಅನೇಕರಿಗೆ ಬೈನ್ಯೂಸೈ ಭೇದಿ ಬಂದಾಗ ಅನುಮಾನ ಹೋದದ್ದು ಹಸಿ ಸವತೆಕಾಯಿಯತ್ತ, ಅವರು ರೋಗನಿರೋಧಕ ಶಕ್ತಿ ಕುಂದಿದವರೂ ಆಗಿರಲಿಲ್ಲ. ರೋಗಿಗೆ ಸೊಪ್ಪು ಪಲ್ಯ ಮಾಡಿಯೇ; ಸವತೆ, ಗಜ್ಜರಿ ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಸಿಪ್ಪೆ ಹೆರೆದು.

ಸಂಡಾಸದ ಬಾಗಿಲಲ್ಲೇ ಸಾಬೂನು ಇಡಿಸಿದರು, ಹುಡುಗನ ಕೈಗೆಟುಕುವ ಎತ್ತರದಲ್ಲಿ. ತಿಪ್ಪೆಯನ್ನು ಬಾವಿಯಿಂದ 50 ಅಡಿಗೂ ಆಚೆ, ನೀರು ಬಾವಿಯತ್ತ ಹರಿಯದ ಕಡೆಗೆ ಸರಿಸಿದರು. ಕೊಟ್ಟಿಗೆ ನೆಲಕ್ಕೆ ಸೆಗಣಿ ಇರುವಾಗಲೇ ಫಿನಾಯಿಲ್ ಸುರಿಯುವುದು ದಂಡ; ಮೊದಲು ಕೆರೆದು ತೆಗೆದು, ಸಾಬೂನು ನೀರಿನಲ್ಲಿ ಉಜ್ಜಿ, ಬಿಸಿಲಿಗೆ ಒಣಗಿಸಿದ ಮೇಲೆ ಬೇಕಾದರೆ ಹಾಕಬಹುದು.

ಹುಡುಗನ ಮಲವನ್ನು ಮೂರು ತಿಂಗಳಿಗೆ ಮತ್ತೆ ನೋಡಿದಾಗ ನೆಗೆಟಿವ್. ರೋಗಿಯ ಕಡತದ ಮೇಲೆ ಕಸಿ ತಂಡಕ್ಕೆ ಒಂದು ಸೂಚನೆ ಬರೆದಿಡಲಾಗಿದೆ: ಮುಂದೆ ಯಾವ ಕಾರಣಕ್ಕಾದರೂ ಸ್ಟೆರಾಯ್ಡ್ ಅಥವಾ ಮೈಕೋಫಿನೊಲೇಟ್ ಡೋಸ್ ಏರಿಸಿದರೆ ನಾಲ್ಕು ವಾರದೊಳಗೆ ಮಲದ ಪಿಸಿಆರ್ ಮಾಡಿಸುವುದು, ಭೇದಿ ಮರುಕಳಿಸಿದರೆ ಅಲ್ಬೆಂಡಜೋಲ್ ಕೊಡದೆ ಮೊದಲು ಟ್ಯಾಕ್ರೊಲಿಮಸ್ ಮಟ್ಟ ನೋಡುವುದು.